ಬಲ್ಬಿಗೆ ಬೈದೆ, ತಪ್ಪು ವೈರಿನದಾಗಿತ್ತು

ಕಬ್ಬು ಕಡಿಯುವ ದಿನಗಳಲ್ಲಿ ರಾತ್ರಿ ಹೊತ್ತು ಕಲಬುರಗಿಯಿಂದ ಅಫಜಲಪುರ ರಸ್ತೆ ಹಿಡಿದವರಿಗೆ ನನ್ನ ಸಂಕಟ ಹೇಳಬೇಕಾಗಿಲ್ಲ. ಎರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರು ಮುಂದೆ ಸಾಗುತ್ತಿರುತ್ತದೆ. ಹಿಂದೆ ಕೆಂಪು ದೀಪ ಇರುವುದಿಲ್ಲ. ರೇಡಿಯಂ ಪಟ್ಟಿ ಅಂಟಿಸಿದ್ದರೂ ಅದರ ಮೇಲೆ ಕಬ್ಬಿನ ಸೋಗೆ ಇಳಿಬಿದ್ದಿರುತ್ತದೆ. ನಮ್ಮ ಹೆಡ್‌ಲೈಟು ಬಿದ್ದಾಗಲೇ ಅಲ್ಲೊಂದು ಗಾಡಿ ಇದೆ ಅಂತ ಗೊತ್ತಾಗಬೇಕು. ನನ್ನ ಹೆಂಡತಿಯ ತವರು ಆ ಕಡೆಯೇ, ಹಾಗಾಗಿ ತಿಂಗಳಿಗೆ ಎರಡು ಸಲ ಹೋಗಿ ಬರುವುದು ಇದ್ದೇ ಇದೆ. ಚೌಡಾಪುರ ದಾಟಿದ ಮೇಲೆ ಒಂದು ರಾತ್ರಿ ಆಕೆ "ರೀ, ಮುಂದ ಟ್ರ್ಯಾಕ್ಟರ್ ಅದ!" ಅಂತ ಕೂಗಿದಾಗ ನನಗೆ ಇನ್ನೂ ಏನೂ ಕಂಡಿರಲಿಲ್ಲ, ನಮ್ಮ ಕಾರಿನ ಹೆಡ್‌ಲೈಟು ಅಷ್ಟು ಮಂಕಾಗಿತ್ತು. ಬ್ರೇಕು ಹಿಡಿಯಿತು, ಬದುಕಿದೆವು.

ಕಾರು 2013ರದ್ದು, ಸಣ್ಣ ಪೆಟ್ರೋಲ್ ಗಾಡಿ. ಊರಿನ ಹೆಸರು ಬದಲಾದದ್ದು 2014ರ ನವೆಂಬರಿನಲ್ಲಿ, ಹಾಗಾಗಿ ಆರ್‌ಸಿಯಲ್ಲಿ ಇನ್ನೂ ಗುಲಬರ್ಗಾ ಅಂತಲೇ ಇದೆ. ನಾನು ಮೆಕ್ಯಾನಿಕ್ ಅಲ್ಲ, ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಆಯಿಲ್ ಬದಲಿಸುವುದು, ಏರ್ ಫಿಲ್ಟರ್ ಕೊಡವುವುದು, ಪ್ಲಗ್ ಬಿಚ್ಚುವುದು ಇಷ್ಟು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದೆ. ವೈರಿನ ತಂಟೆಗೆ ಹೋದವನಲ್ಲ.

ಆ ರಾತ್ರಿಯ ಮರುದಿನವೇ ಒಂದು ಆಕ್ಸೆಸರೀಸ್ ಅಂಗಡಿಗೆ ಹೋಗಿ ನಿಂತೆ. "60/55 ತೆಗೀರಿ ಸರ, 100/90 ಹಾಕ್ರಿ, ರೋಡು ಹಗಲು ಆಗ್ತದ" ಅಂದ. ಅಂದರೆ ದೂರ ಬೀರುವ ಅಪ್ಪರಿಗೆ 60 ವ್ಯಾಟ್, ಕೆಳಗೆ ಬೀಳುವ ಡಿಪ್ಪಿಗೆ 55 ವ್ಯಾಟ್ ಇದ್ದ ಬಲ್ಬು ತೆಗೆದು 100 ಮತ್ತು 90 ವ್ಯಾಟಿನದು. ಹಾಕಿಸಿದೆ, ಹಗಲೇ ಆಯಿತು. ಒಂದೂವರೆ ತಿಂಗಳು. ಆಮೇಲೆ ಒಂದು ರಾತ್ರಿ ಎಸಿ ಕಿಂಡಿಯಿಂದ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು, ಎಡಗಡೆಯ ದೀಪ ಆರಿತು. ಮನೆಗೆ ಬಂದು ಬಾನೆಟ್ ಎತ್ತಿ ಹೋಲ್ಡರ್ ಎಳೆದರೆ ಬರಲೊಲ್ಲದು. ಬಲ್ಬಿನ ಮೂರು ಕಾಲುಗಳಲ್ಲಿ ಒಂದರ ಸುತ್ತ ಪ್ಲಾಸ್ಟಿಕ್ಕು ಬೆಲ್ಲದ ಪಾಕದ ಹಾಗೆ ಕರಗಿ ಗಟ್ಟಿಯಾಗಿತ್ತು. ವೈರಿನ ತುದಿ ನಾಲ್ಕು ಬೆರಳಿನಷ್ಟು ಕಪ್ಪಗೆ ಒಣಗಿ, ಬಗ್ಗಿಸಿದರೆ ಹಪ್ಪಳದಂತೆ ಮುರಿಯುತ್ತಿತ್ತು.

ಲೆಕ್ಕ ಬರೆಯುವವನಾಗಿ ನಾನು ಈ ಲೆಕ್ಕ ಮೊದಲೇ ಮಾಡಬೇಕಿತ್ತು. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. ಹನ್ನೆರಡು ವೋಲ್ಟಿನಲ್ಲಿ 55 ವ್ಯಾಟ್ ಅಂದರೆ ಸುಮಾರು ನಾಲ್ಕೂವರೆ ಆಂಪಿಯರ್, 90 ವ್ಯಾಟ್ ಅಂದರೆ ಏಳೂವರೆ. ಕಂಪನಿಯವರು ಮೊದಲಿನ ಲೆಕ್ಕಕ್ಕೆ ಕೊಟ್ಟ ತೆಳ್ಳನೆಯ ವೈರಿನಲ್ಲಿ ನಾನು ಎರಡನೆಯದನ್ನು ಓಡಿಸಿದ್ದೆ.

ನಮ್ಮ ಗಲ್ಲಿಯಲ್ಲಿ ಒಬ್ಬ ಚಾಚಾ ಇದ್ದಾರೆ. ಲಾರಿ ವೈರಿಂಗ್ ಮಾಡಿಯೇ ತಲೆ ಹಣ್ಣಾಗಿದೆ, ಈಗ ಕಣ್ಣು ಸರಿಯಿಲ್ಲ ಅಂತ ಕೆಲಸ ಬಿಟ್ಟಿದ್ದಾರೆ. ಸುಟ್ಟ ಹೋಲ್ಡರನ್ನು ಬೆರಳಲ್ಲೇ ಸವರಿ ನೋಡಿದರು. "ಬಲ್ಬಿಗಿ ಯಾಕ್ ಬೈತೀರಿ ಸರ? ಕರೆಂಟ್ ಬ್ಯಾಟರಿದಾಗ ಅದ, ಬಲ್ಬಿನ ತನಕ ಮುಟ್ಟಲತ್ತಿಲ್ಲ. ಹಳೀ ಬಲ್ಬೇ ಹಾಕ್ರಿ, ಮೀಟರ್ ಹಚ್ಚಿ ನೋಡ್ರಿ" ಅಂದರು.

ಮುನ್ನೂರೈವತ್ತು ರೂಪಾಯಿಗೆ ಒಂದು ಮಲ್ಟಿಮೀಟರ್ ತಂದೆ. ಎಂಜಿನ್ ಚಾಲೂ ಮಾಡಿ, ಡಿಪ್ ಲೈಟ್ ಹಚ್ಚಿ, ಬ್ಯಾಟರಿಯ ಮೇಲೆ ಎರಡೂ ಕಡ್ಡಿ ಇಟ್ಟೆ: 14.1 ವೋಲ್ಟ್. ಬಲ್ಬು ಉರಿಯುತ್ತಿರುವಾಗಲೇ ಹೋಲ್ಡರಿನ ಹಿಂಬದಿಯಿಂದ ಕಡ್ಡಿ ಚುಚ್ಚಿ ನೋಡಿದೆ: 11.6. ಬಲ್ಬು ಬಿಚ್ಚಿ ಬರೀ ಹೋಲ್ಡರ್ ಅಳೆದರೆ ಪೂರಾ ವೋಲ್ಟೇಜ್ ತೋರಿಸಿ ನಮ್ಮನ್ನು ಮಂಗ ಮಾಡುತ್ತದೆ. ಹೊರೆ ಇದ್ದಾಗಲೇ ಅಳೆಯಬೇಕು.

ಎರಡೂವರೆ ವೋಲ್ಟು ಏನು ಮಹಾ ಅಂತ ನನಗೂ ಅನಿಸಿತ್ತು. ಆದರೆ ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮಸಮನಾಗಿ ಇಳಿಯುವುದಿಲ್ಲ, ಸುಮಾರು ಮೂರೂವರೆ ಘಾತದಲ್ಲಿ ಇಳಿಯುತ್ತದೆ. ಗುಣಿಸಿ ನೋಡಿದರೆ ಸಿಗಬೇಕಾದ ಬೆಳಕಿನಲ್ಲಿ ಹತ್ತಿರಹತ್ತಿರ ಅರ್ಧ ದಾರಿಯಲ್ಲೇ ಸೋರಿಹೋಗುತ್ತಿತ್ತು.

ಸೋರಿಕೆ ಎಲ್ಲಿ ಅಂತ ಹುಡುಕಲು ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಬಲ್ಬಿನ ಅರ್ಥ್ ಕಾಲಿಗೆ, ಅಂದರೆ ಕರೆಂಟು ಮೈನಸ್ಸಿಗೆ ವಾಪಸ್ ಹೋಗುವ ಕಾಲಿಗೆ, ಹಚ್ಚಿದೆ. ಅಲ್ಲಿ ಸೊನ್ನೆ ಇರಬೇಕು, 0.6 ಇತ್ತು. ಅರ್ಥ್ ವೈರನ್ನು ಕಾರಿನ ಕಬ್ಬಿಣದ ಬಾಡಿಗೆ ಕೂರಿಸಿದ ಬೋಲ್ಟು ಬಿಚ್ಚಿದೆ. ಅದರ ಕೆಳಗೆ ತುಕ್ಕು, ತುಕ್ಕಿನ ಮೇಲೆ ಧೂಳು. ನಮ್ಮಲ್ಲಿ ಧೂಳಿಗೆ ಬರವೇ? ತೊಗರಿ ರಾಶಿಯ ಹೊಟ್ಟು, ಶಹಾಬಾದ್ ಕಡೆಯ ಕಲ್ಲಿನ ಪುಡಿ, ಬೇಸಿಗೆಯಲ್ಲಿ ಬಿರುಕು ಬಿಟ್ಟ ಕರಿ ಎರೆಮಣ್ಣು. ಪಾಲಿಶ್ ಪೇಪರಿನಿಂದ ಕಬ್ಬಿಣ ಹೊಳೆಯುವ ತನಕ ಉಜ್ಜಿ, ಬೋಲ್ಟು ಬಿಗಿದು, ಮೇಲೆ ವ್ಯಾಸಲಿನ್ ಸವರಿದೆ. 0.6 ಇದ್ದದ್ದು 0.1 ಆಯಿತು. ಒಂದು ರೂಪಾಯಿ ಖರ್ಚಿಲ್ಲದೆ ಅರ್ಧ ವೋಲ್ಟು ವಾಪಸ್ ಬಂತು. ದೀಪ ಮಂಕು ಅನ್ನುವವರು ಬೇರೇನೂ ಮಾಡದಿದ್ದರೂ ಇದೊಂದನ್ನು ಮಾಡಿ ನೋಡಬೇಕು.

ಉಳಿದದ್ದು ಪ್ಲಸ್ ಕಡೆಯ ದಾರಿಯಲ್ಲಿ. ನನ್ನ ಗಾಡಿಯಲ್ಲಿ ಹೆಡ್‌ಲೈಟಿನ ಪೂರಾ ಕರೆಂಟು ಸ್ಟೇರಿಂಗಿನ ಪಕ್ಕದ ಸ್ವಿಚ್ಚಿನೊಳಗೆ ಹಾದು ಮತ್ತೆ ಮುಂದೆ ಬರುತ್ತದೆ. ಇದಕ್ಕೆ ಮದ್ದು ರಿಲೇ. ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ನೋಡಿದವರಿಗೆ ರಿಲೇ ಹೊಸದಲ್ಲ. ನಾವು ಹಸಿರು ಗುಂಡಿ ಒತ್ತುತ್ತೇವೆ, ಒಳಗಿನ ಕಾಯಿಲ್ ಟಕ್ ಅಂತ ಎಳೆಯುತ್ತದೆ, ಮೋಟರಿನ ಕರೆಂಟು ಬೇರೆ ದಾರಿಯಲ್ಲಿ ಹೋಗುತ್ತದೆ. ಇಲ್ಲಿ ಸ್ವಿಚ್ಚಿಗೆ ಗುಂಡಿಯ ಕೆಲಸ ಮಾತ್ರ. ರಿಲೇಯ ಕಾಲುಗಳ ಮೇಲೆ ನಂಬರ್ ಇರುತ್ತದೆ. 30ಕ್ಕೆ ಫ್ಯೂಸಿನ ಮೂಲಕ ಬ್ಯಾಟರಿಯ ಪ್ಲಸ್, 87ರಿಂದ ಬಲ್ಬಿಗೆ, 86ಕ್ಕೆ ಹಳೆಯ ಹೋಲ್ಡರಿನಿಂದ ಬರುವ ಸೂಚನೆ, 85 ಅರ್ಥ್. ಡಿಪ್ಪಿಗೆ ಒಂದು ರಿಲೇ, ಅಪ್ಪರಿಗೆ ಒಂದು. ಕೆಲವು ಗಾಡಿಗಳಲ್ಲಿ ಸ್ವಿಚ್ಚು ಪ್ಲಸ್ ಕಡೆ ಇರದೆ ಅರ್ಥ್ ಕಡೆ ಇರುತ್ತದೆ, ಆಗ ಈ ಜೋಡಣೆ ನಡೆಯುವುದಿಲ್ಲ. ಟೆಸ್ಟ್ ಲ್ಯಾಂಪ್ ಹಚ್ಚಿ ನೋಡದೆ ಕೈ ಹಾಕಬೇಡಿ.

ಮೊದಲು ರೆಡಿಮೇಡ್ ಕಿಟ್ ತಂದಿದ್ದೆ. ವೈರಿನ ತುದಿಯನ್ನು ಬ್ಲೇಡಿನಿಂದ ಕೆರೆದರೆ ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ. ವಾಪಸ್ ಕೊಟ್ಟು, ಎಲೆಕ್ಟ್ರಿಕಲ್ ಅಂಗಡಿಯಿಂದ 2.5 ಚದರ ಮಿಲಿಮೀಟರಿನ ಬಹುಎಳೆಯ ತಾಮ್ರದ ವೈರು, ಎರಡು ಸೆರಾಮಿಕ್ ಹೋಲ್ಡರ್, 30 ಆಂಪಿಯರಿನ ಎರಡು ರಿಲೇ, 20 ಆಂಪಿಯರಿನ ಫ್ಯೂಸು ಮತ್ತು ಅದರ ಡಬ್ಬಿ ತಂದೆ. ಒಟ್ಟು ಸಾವಿರದ ನೂರರ ಆಸುಪಾಸು. ಬಲ್ಬು ಮತ್ತೆ 60/55.

ಏಪ್ರಿಲ್ ತಿಂಗಳ ಭಾನುವಾರ, ಬೆಳಗ್ಗೆ ಆರಕ್ಕೇ ಬೇವಿನ ಮರದಡಿ ಫರಸಿ ಮೇಲೆ ಕಾರು ನಿಲ್ಲಿಸಿದೆ. ಹತ್ತು ಗಂಟೆ ದಾಟಿದರೆ ಬಾನೆಟ್ ಮುಟ್ಟಲಾಗದು. ಅಮ್ಮ ಕಟ್ಟೆಯ ಮೇಲೆ ಕೂತು "ಆ ಎಣ್ಣಿ ಕೈಲಿ ಚಾದ ಕಪ್ ಹಿಡೀಬ್ಯಾಡ ತಮ್ಮಾ" ಅನ್ನುತ್ತಿದ್ದಳು. ಬ್ಯಾಟರಿಯ ಮೈನಸ್ ಮೊದಲು ಬಿಚ್ಚಬೇಕು ಅಂತ ಓದಿದ್ದೆ. ಓದಿದ್ದು ನೆನಪಾದದ್ದು ಪ್ಲಸ್ಸಿನ ಮೇಲೆ ಪಾನಾ (ಸ್ಪ್ಯಾನರ್) ಇಟ್ಟು ಅದರ ಇನ್ನೊಂದು ತುದಿ ಕಾರಿನ ಬಾಡಿಗೆ ತಾಗಿದ ಮೇಲೆ. ಚಟ್ ಅಂತ ನೀಲಿ ಕಿಡಿ. ಹತ್ತು ನಂಬರ್ ಪಾನಾದ ಬಾಯಿಯಲ್ಲಿ ಅಕ್ಕಿಕಾಳಿನಷ್ಟು ಕಬ್ಬಿಣ ಕರಗಿದ ಗುಳಿ ಇವತ್ತಿಗೂ ಇದೆ. ಮೈನಸ್ ಮೊದಲು ತೆಗೆದಿದ್ದರೆ ಪಾನಾ ಎಲ್ಲಿ ತಾಗಿದರೂ ಏನೂ ಆಗುತ್ತಿರಲಿಲ್ಲ.

ಫ್ಯೂಸನ್ನು ಬ್ಯಾಟರಿಯಿಂದ ಒಂದು ಗೇಣಿನೊಳಗೇ ಕೂರಿಸಿದೆ. ದೂರ ಇಟ್ಟರೆ ನಡುವಿನ ವೈರು ಎಲ್ಲಾದರೂ ತಿಕ್ಕಿ ಬಾಡಿಗೆ ತಾಗಿದಾಗ ಕಾಯುವವರಿಲ್ಲ, ನೇರ ಬೆಂಕಿ. ಕಂಪನಿಯ ವೈರು ಎಲ್ಲಿಯೂ ಕತ್ತರಿಸಲಿಲ್ಲ. ಬಲಗಡೆಯ ಹಳೇ ಹೋಲ್ಡರಿಗೆ ಹೊಸ ಸಾಕೆಟ್ ಚುಚ್ಚಿದೆ ಅಷ್ಟೆ, ಬೇಡವಾದರೆ ಕಿತ್ತು ಮೊದಲಿನಂತೆ ಮಾಡಬಹುದು. ಎಡಗಡೆಯ ಸುಟ್ಟ ತುದಿಯನ್ನು ಮುಚ್ಚಿ ಪಕ್ಕಕ್ಕೆ ಕಟ್ಟಿದೆ.

ಕೂಡುವ ಕಡೆಯೆಲ್ಲ ಕರಿ ಟೇಪು ಸುತ್ತಿದ್ದು ನನ್ನ ದಡ್ಡತನ. ನೆರಳಲ್ಲೇ 43 ಡಿಗ್ರಿ ಇರುವ ಊರು ಇದು, ಬಾನೆಟ್ಟಿನೊಳಗೆ ಕೇಳಬೇಕೇ? ಮೇ ಮುಗಿಯುವಷ್ಟರಲ್ಲಿ ಟೇಪಿನ ಅಂಟು ಕರಗಿ, ಸುತ್ತು ಬಿಚ್ಚಿ ಬಾಳೆಹಣ್ಣಿನ ಸಿಪ್ಪೆಯಂತೆ ತೂಗುತ್ತಿತ್ತು. ಎಲ್ಲ ಕಿತ್ತು, ಬಿಸಿ ಮಾಡಿದರೆ ಬಿಗಿಯುವ ಸ್ಲೀವ್ ಹಾಕಿದೆ. ಜೂನಿನಲ್ಲಿ ಮೊದಲ ದೊಡ್ಡ ಮಳೆಗೆ ಇನ್ನೊಂದು ಪಾಠ. ನಂಬರ್ ಓದಲು ಅನುಕೂಲ ಅಂತ ರಿಲೇಯ ಕಾಲುಗಳನ್ನು ಮೇಲ್ಮುಖ ಮಾಡಿ ಕೂರಿಸಿದ್ದೆ, ಸಾಕೆಟ್ಟಿನಲ್ಲಿ ನೀರು ನಿಂತು ಅಪ್ಪರ್ ತಾನೇ ಹತ್ತಿ ತಾನೇ ಆರತೊಡಗಿತು. ಈಗ ಕಾಲುಗಳು ನೆಲ ನೋಡುತ್ತಿವೆ.

ಏಪ್ರಿಲ್‌ನ ಆ ಭಾನುವಾರ ಕೆಲಸ ಮುಗಿದಾಗ ಹೋಲ್ಡರಿನಲ್ಲಿ 13.6 ವೋಲ್ಟ್ ಇತ್ತು. ಚಾಚಾರಿಗೆ ಹೇಳಿದೆ. "ಅಷ್ಟಾತು. ಈಗ ಗ್ವಾಡಿ ಮುಂದ ನಿಂದ್ರಸ್ರಿ" ಅಂದರು. ಬೆಳಕು ಹೆಚ್ಚಾದ ಮೇಲೆ ದಿಕ್ಕು ಸರಿ ಮಾಡದಿದ್ದರೆ ಎದುರಿನವನ ಕಣ್ಣು ಹೋಗುತ್ತದೆ. ಹ್ಯಾಲೊಜೆನ್ನಿಗೆ ಮಾಡಿದ ರಿಫ್ಲೆಕ್ಟರಿನಲ್ಲಿ ಎಲ್‌ಇಡಿ ತುರುಕಿದವರು ಎದುರಿಗೆ ಬಂದಾಗ ನಾನು ಅನ್ನುವ ಮಾತುಗಳನ್ನು ಇಲ್ಲಿ ಬರೆಯಲಾಗದು. ಸಂಜೆ ಮಿಲ್ಲಿನ ಗೋಡೆಗೆ ಕಾರು ತಾಗುವಷ್ಟು ತಂದು, ದೀಪಗಳ ನಡುಮಧ್ಯದ ಎತ್ತರವನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿದೆ. ನೇರ ಐದು ಮೀಟರ್ ಹಿಂದೆ ಸರಿದು ಡಿಪ್ ಹಚ್ಚಿದೆ. ಬೆಳಕಿನ ಮೇಲಂಚು ಆ ಗುರುತಿಗಿಂತ ಐದು ಸೆಂಟಿಮೀಟರ್ ಕೆಳಗಿರಬೇಕು, ಅಂದರೆ ನೂರಕ್ಕೆ ಒಂದು ಇಳಿಜಾರು. ನೆಲ ಮಟ್ಟಸವಾಗಿರಬೇಕು, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಬೇಕು, ಟೈರಿನ ಗಾಳಿ ಸರಿಯಾಗಿರಬೇಕು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲ ವಿವರ ಬದಲಾಗುವಂಥ ಮಾರ್ಪಾಡನ್ನು ತಡೆಯುತ್ತದೆ. ಮುಂದೆ ಕಟ್ಟುವ ಕ್ರ್ಯಾಶ್ ಗಾರ್ಡ್ ವಿರುದ್ಧ ಕ್ರಮ ತೆಗೆದುಕೊಳ್ಳಿ ಅಂತ 2017ರಲ್ಲೇ ಕೇಂದ್ರದಿಂದ ಪತ್ರ ಬಂದಿದೆ, ಆದರೂ ನಮ್ಮೂರಲ್ಲಿ ಅದಿಲ್ಲದ ದೊಡ್ಡ ಗಾಡಿ ಕಡಿಮೆ. ಬ್ರೇಕು, ಏರ್‌ಬ್ಯಾಗಿನ ಹಳದಿ ವೈರು, ಎಸಿ ಗ್ಯಾಸು ಇವಕ್ಕೆ ನಾನು ಮನೆಯಲ್ಲಿ ಕೈ ಹಾಕುವುದಿಲ್ಲ.

ಆಮೇಲೆ ಚೌಡಾಪುರದ ಆಚೆ ಎಷ್ಟೋ ರಾತ್ರಿ ಹೋಗಿ ಬಂದಿದ್ದೇವೆ. ಈಗ ಟ್ರಾಲಿ ನನಗೇ ಮೊದಲು ಕಾಣುತ್ತದೆ, ಆದರೂ ಹೆಂಡತಿ ಕೂಗುವುದು ಬಿಟ್ಟಿಲ್ಲ. ಒಂದು ಕೆಲಸ ಮಾತ್ರ ಬಾಕಿ ಇದೆ. ಎಡಗಡೆಯ ದೀಪ ಗೋಡೆಯ ಮೇಲೆ ಇನ್ನೂ ಎರಡು ಬೆರಳು ಮೇಲೆಯೇ ಬೀಳುತ್ತದೆ. ಅದನ್ನು ಇಳಿಸುವ ಸ್ಕ್ರೂ ತುಕ್ಕು ಹಿಡಿದು ಕೂತಿದೆ, ಜೋರು ಮಾಡಿದರೆ ಅದರ ಪ್ಲಾಸ್ಟಿಕ್ ಹಲ್ಲು ಮುರಿಯುತ್ತದೆ. ದಿನಾ ಸಂಜೆ ಎರಡು ಹನಿ ಎಣ್ಣೆ ಬಿಡುತ್ತಿದ್ದೇನೆ. ನಿನ್ನೆ ಕಾಲು ಸುತ್ತು ತಿರುಗಿತು.