ದುಬೈ ದಿರ್ಹಮ್ ಊರಿನ ಪಾಸ್‌ಬುಕ್ಕಿಗೆ: ಬ್ಯಾಂಕ್ ಆರಿಸುವುದು ಹೇಗೆ?

ತಿಂಗಳ ಮೊದಲ ವಾರ, ಸಂಜೆ ಏಳರ ಹೊತ್ತಿಗೆ ದುಬೈಯ ದೇರಾದಲ್ಲಿ ಊರಿಗೆ ಹಣ ಕಳಿಸುವ ಯಾವುದಾದರೂ ಎಕ್ಸ್‌ಚೇಂಜಿಗೆ ಹೋಗಿ ನೋಡಿ. ಟೋಕನ್ ಹಿಡಿದು ಕಾಯುವವರಲ್ಲಿ ಬೈಂದೂರು, ಭಟ್ಕಳ, ಬಂಟ್ವಾಳ ಕಡೆಯವರು ನಾಲ್ಕು ಜನರಾದರೂ ಸಿಗುತ್ತಾರೆ. ಎಲ್ಲರ ಕಣ್ಣೂ ರೇಟ್ ಬೋರ್ಡಿನ ಮೇಲೆ. ನಾನೂ ವರ್ಷಗಟ್ಟಲೆ ಹಾಗೇ ನಿಂತವನು. ಈಗ ಹೊಸದಾಗಿ ಬಂದ ಹುಡುಗರು ಕೇಳಿದರೆ ಹೇಳುವುದಿಷ್ಟೆ: ಬೋರ್ಡು ಆಮೇಲೆ ನೋಡು ಮಾರಾಯ, ಮೊದಲು ಊರಿನ ಕಡೆ ನೋಡು.

ಹೆಜ್ಜೆ 1: ಊರಿನ ಶಾಖೆ

ದುಡ್ಡು ತೆಗೆಯುವವರು ಯಾರು? ಅಮ್ಮ ಬಸ್ಸು ಹತ್ತಿ ಹೋಗಬೇಕಾದ ಬ್ಯಾಂಕಿಗಿಂತ ಪೇಟೆಯಲ್ಲಿ ನಡೆದೇ ಹೋಗಬಹುದಾದ ಬ್ಯಾಂಕು ಒಳ್ಳೆಯದು, ಅದರ ಆ್ಯಪ್ ಎಷ್ಟೇ ಹಳತಿರಲಿ. ರಜೆಯಲ್ಲಿ ಬಂದಾಗ ಶಾಖೆಗೆ ಹೋಗಿ ಒಂದು ಪ್ರಶ್ನೆ ಕೇಳಿ: ಎನ್‌ಆರ್‌ಐ ಖಾತೆಯ ಕೆಲಸ ಇಲ್ಲೇ ಆಗುತ್ತದೆಯೋ, ಪ್ರತಿಸಲ ಮಂಗಳೂರಿಗೋ ಬೆಂಗಳೂರಿಗೋ ಕಾಗದ ಹೋಗಬೇಕೋ? ಉತ್ತರ ಕೊಡುವ ರೀತಿಯಲ್ಲೇ ಅರ್ಧ ತಿಳಿಯುತ್ತದೆ.

ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಸಂಖ್ಯೆಯನ್ನು ಹಳೆಯ ಪಾಸ್‌ಬುಕ್ ನೋಡಿ ಬರೆದುಕೊಳ್ಳಬೇಡಿ. ನಾನು ಹಾಗೆ ಮಾಡಿ, ಮನೆಗೆಂದು ಕಳಿಸಿದ ಹಣ ಒಂಬತ್ತು ದಿನ ಎಲ್ಲೋ ಸುತ್ತಾಡಿ ವಾಪಸ್ ಬಂತು. ಅಷ್ಟರಲ್ಲಿ ತಂಗಿಯ ಕಾಲೇಜು ಫೀಸಿನ ಕೊನೆಯ ದಿನ ಮುಗಿದಿತ್ತು. ಕರಾವಳಿಯವರಿಗೆ ಈ ಅಪಾಯ ತುಸು ಹೆಚ್ಚೇ. ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಮರುವರ್ಷದ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ ಹೋದವು. ಹಳೆಯ ಸಂಖ್ಯೆಗಳೆಲ್ಲ ಈಗ ಸತ್ತಿವೆ, ಆದರೆ ಮನೆಯ ಕಪಾಟಿನಲ್ಲಿ ಆ ಪಾಸ್‌ಬುಕ್ಕುಗಳು ಇನ್ನೂ ಇವೆ.

ಊರಿನ ಸೊಸೈಟಿಯಲ್ಲಿ ಬಡ್ಡಿ ಜಾಸ್ತಿ ಎನ್ನುವವರು ಸಿಗುತ್ತಾರೆ. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ, ಅಸಲು ಬಡ್ಡಿ ಸೇರಿ, 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಕ್ರೆಡಿಟ್ ಸೊಸೈಟಿಗೆ ಈ ವಿಮೆ ಇಲ್ಲ.

ಹೆಜ್ಜೆ 2: ಯಾವ ಖಾತೆ

ಕೆಲಸಕ್ಕೆಂದು ಹೊರದೇಶಕ್ಕೆ ಹೋದವರು ಊರಿನ ಮಾಮೂಲಿ ಎಸ್‌ಬಿ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ಬ್ಯಾಂಕಿಗೆ ತಿಳಿಸಿ ಅದನ್ನು ಎನ್‌ಆರ್‌ಒ ಮಾಡಿಸಬೇಕು. ಹೆಚ್ಚಿನವರು ಇದನ್ನು ಮರೆತೇಬಿಡುತ್ತಾರೆ. ತೋಟದ ಆದಾಯ, ಮನೆ ಬಾಡಿಗೆ ಬೀಳುವುದು ಇದಕ್ಕೇ. ಇದರ ಬಡ್ಡಿಯ ಮೇಲೆ ಶೇ 30 ಮತ್ತು ಸೆಸ್ ಮೊದಲೇ ಕಡಿತವಾಗುತ್ತದೆ.

ಅಲ್ಲಿನ ಸಂಬಳದ ಉಳಿತಾಯಕ್ಕೆ ಎನ್‌ಆರ್‌ಇ ಖಾತೆ. ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ, ಬೇಕಾದಾಗ ಪೂರ್ತಿ ಹಣ ಹೊರಗೆ ಒಯ್ಯಬಹುದು. ಆದರೆ ಎನ್‌ಆರ್‌ಇ ಎಫ್‌ಡಿಯನ್ನು ಒಂದು ವರ್ಷದೊಳಗೆ ಮುರಿದರೆ ಬಡ್ಡಿಯೇ ಸಿಗದು. ಮನೆ ಕಟ್ಟಿಸುತ್ತಿರುವವರು ಈ ಮಾತು ನೆನಪಿಡಬೇಕು.

ಮನೆಖರ್ಚಿನ ಹಣ? ನೇರ ಅಮ್ಮನದೋ ಹೆಂಡತಿಯದೋ ಎಸ್‌ಬಿ ಖಾತೆಗೆ ಹಾಕಿ. ಹತ್ತಿರದ ಸಂಬಂಧಿಗೆ ಕೊಟ್ಟದ್ದಕ್ಕೆ ಅವರು ತೆರಿಗೆ ಕಟ್ಟಬೇಕಿಲ್ಲ. ಎಲ್ಲವನ್ನೂ ಒಂದೇ ಖಾತೆಗೆ ಸುರಿದು, ಐದು ವರ್ಷದ ಮೇಲೆ ‘ನನ್ನ ಉಳಿತಾಯ ಎಲ್ಲಿ’ ಎಂದು ಮನೆಯವರ ಜೊತೆ ಜಗಳಕ್ಕೆ ಕೂತವರನ್ನು ಕಂಡಿದ್ದೇನೆ.

ಹೆಜ್ಜೆ 3: ಈಗ ರೇಟ್ ಬೋರ್ಡು

ದುಬೈ ಸೇರಿದ ಯುಎಇಯಲ್ಲಿರುವವರಿಗೆ ಒಂದು ಅನುಕೂಲವುಂಟು. ದಿರ್ಹಮ್ ಬೆಲೆ ಡಾಲರಿಗೆ ಕಟ್ಟಿಹಾಕಿದ್ದು: ಒಂದು ಡಾಲರಿಗೆ 3.6725 ದಿರ್ಹಮ್. ಹಾಗಾಗಿ ಅಂದಿನ ಡಾಲರ್ ಬೆಲೆಯನ್ನು 3.6725ರಿಂದ ಭಾಗಿಸಿದರೆ ಅಸಲಿ ರೇಟ್ ಎಷ್ಟೆಂದು ಮೊಬೈಲಿನಲ್ಲೇ ತಿಳಿಯುತ್ತದೆ. ಲೆಕ್ಕಕ್ಕೆ ಡಾಲರ್ 85 ರೂಪಾಯಿ ಎಂದಿಟ್ಟುಕೊಳ್ಳಿ. ದಿರ್ಹಮ್ 23 ರೂಪಾಯಿ 14 ಪೈಸೆ ಚಿಲ್ಲರೆ.

ಒಂದು ಕಡೆ ‘ಫೀ ಇಲ್ಲ’ ಎಂದು 23 ರೂಪಾಯಿ ಕೊಡುತ್ತಾರೆ. ಇನ್ನೊಂದು ಕಡೆ 23.08 ಕೊಟ್ಟು 20 ದಿರ್ಹಮ್ ಫೀ ಹಿಡಿಯುತ್ತಾರೆ. 3,000 ದಿರ್ಹಮ್ ಕಳಿಸುವವನಿಗೆ ಮೊದಲನೆಯದರಲ್ಲಿ 69,000 ರೂಪಾಯಿ, ಎರಡನೆಯದರಲ್ಲಿ 68,778. ಅದೇ 10,000 ದಿರ್ಹಮ್ ಆದರೆ ಲೆಕ್ಕ ತಿರುಗುತ್ತದೆ: 2,30,000ಕ್ಕೆ ಎದುರಾಗಿ 2,30,338. ಆದ್ದರಿಂದ ರೂಮಿನವನಿಗೆ ಲಾಭವಾದ ಜಾಗ ನಿಮಗೂ ಲಾಭದ್ದೇ ಆಗಬೇಕೆಂದಿಲ್ಲ. ಕೌಂಟರಿನಲ್ಲಿ ಕೇಳಬೇಕಾದ ಪ್ರಶ್ನೆ ರೇಟಿನದ್ದಲ್ಲ, ‘ನಾನು ಇಷ್ಟು ಕೊಟ್ಟರೆ ಊರಲ್ಲಿ ಎಷ್ಟು ರೂಪಾಯಿ ಬೀಳುತ್ತದೆ?’ ಎಂಬುದು. ‘ಫೀ ಇಲ್ಲ’ ಎಂದವರೂ 14 ಪೈಸೆಯಲ್ಲಿ ತಮ್ಮ ಕೂಲಿ ಹಿಡಿದುಕೊಂಡೇ ಇರುತ್ತಾರೆ.

ಹಣ ಡಾಲರಿನಲ್ಲೇ ಸ್ವಿಫ್ಟ್ (ದೇಶದಿಂದ ದೇಶಕ್ಕೆ ಬ್ಯಾಂಕುಗಳ ನಡುವಿನ ಜಾಲ) ಮೂಲಕ ಬಂದರೆ ನಡುವಿನ ಬ್ಯಾಂಕು ಸ್ವಲ್ಪ ಕಡಿದುಕೊಳ್ಳಬಹುದು. ರೂಪಾಯಿಗೆ ಬದಲಿಸುವಾಗ ಊರಿನ ಬ್ಯಾಂಕು ಜಿಎಸ್‌ಟಿ ಹಾಕುತ್ತದೆ: ಕಡಿಮೆಯೆಂದರೆ 45 ರೂಪಾಯಿ, ಒಂದು ಲಕ್ಷಕ್ಕೆ 180. ಸಣ್ಣ ಮೊತ್ತಕ್ಕೆ ಈ ದಾರಿ ಬೇಡ. ಖಾತೆಯೇ ಇಲ್ಲದವರು ನಗದಾಗಿ ಪಡೆಯುವ ಏರ್ಪಾಡೂ ಇದೆ, ಆದರೆ ಕೈಗೆ ಕೊಡುವುದು 50,000 ರೂಪಾಯಿವರೆಗೆ ಮಾತ್ರ. ಬ್ಯಾಂಕಿನ ಹೊರಗೆ ಕದ್ದುಮುಚ್ಚಿ ಹಣ ದಾಟಿಸುವ ಹುಂಡಿಯವನು ದಿರ್ಹಮಿಗೆ ಒಂದು ರೂಪಾಯಿ ಹೆಚ್ಚು ಕೊಡುತ್ತೇನೆ ಎಂದರೂ ಬೇಡ. ಅದು ಕಾನೂನಿಗೆ ವಿರುದ್ಧ, ನಾಳೆ ಜಾಗ ಕೊಳ್ಳುವಾಗ ಹಣ ಎಲ್ಲಿಂದ ಬಂತು ಎಂದರೆ ತೋರಿಸಲು ನಿಮ್ಮ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ಹೆಜ್ಜೆ 4: ಹೆಸರು, ಫೋನು, ಪರೀಕ್ಷೆ

ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಪೂರ್ತಿ, ಬ್ಯಾಂಕಿನಲ್ಲಿ ಬರೀ ಇನಿಷಿಯಲ್. ಎನ್‌ಆರ್‌ಇ ಖಾತೆ ತೆರೆಯುವಾಗ ಹೆಚ್ಚಿನ ಅರ್ಜಿ ಸಿಕ್ಕಿಬೀಳುವುದು ಇಲ್ಲೇ. ವಿಮಾನ ಹತ್ತುವ ಮೊದಲೇ ಸರಿಮಾಡಿಸಿ. ಊರಿನ ಸಿಮ್ ರೀಚಾರ್ಜ್ ಇಲ್ಲದೆ ಸತ್ತರೆ ಒಟಿಪಿಯೂ ಹೋಯಿತು. ಯುಎಇ ನಂಬರಿಗೇ ಒಟಿಪಿ ಕಳಿಸುವ ಬ್ಯಾಂಕು ಸಿಕ್ಕಿದರೆ ಕಾಲು ಪೈಸೆ ರೇಟ್ ಕಡಿಮೆಯಿದ್ದರೂ ನಾನು ಅದನ್ನೇ ಆರಿಸುತ್ತೇನೆ. ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳಿಗೆ ಯುಎಇ, ಕತಾರ್, ಒಮಾನ್, ಸೌದಿ ನಂಬರಿನಲ್ಲಿ ಯುಪಿಐ ನಡೆಸಲು ಅನುಮತಿಯೂ ಇದೆ. ನಿಮ್ಮ ಬ್ಯಾಂಕು ಕೊಡುತ್ತದೆಯೇ ಕೇಳಿ.

ಎಲ್ಲ ಆದಮೇಲೆ ಮೊದಲ ಸಲ ನೂರು ದಿರ್ಹಮ್ ಮಾತ್ರ ಹಾಕಿ. ಅಮ್ಮನಿಗೆ ಪಾಸ್‌ಬುಕ್ ಎಂಟ್ರಿ ಹಾಕಿಸಿ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸಲು ಹೇಳಿ. ರಸೀದಿಯಲ್ಲಿರುವ ರೂಪಾಯಿಗೂ ಪಾಸ್‌ಬುಕ್ಕಿನದಕ್ಕೂ ತಾಳೆಯಾಗದಿದ್ದರೆ ಅಂದೇ ಹೋಗಿ ಕೇಳಿ. ಆ ರಸೀದಿಯದ್ದೂ ಒಂದು ಫೋಟೋ ಇಟ್ಟುಕೊಳ್ಳಿ. ಅಲ್ಲಿನ ಸೆಕೆಗೆ ಆ ನುಣುಪು ಕಾಗದದ ಅಕ್ಷರ ಬೇಗ ಮಾಸಿಹೋಗುತ್ತದೆ.