ಜೀಪು ಬರುವವರೆಗೆ: ತೋಟದಲ್ಲಿ ನಾನು ಕಲಿತ ಪ್ರಥಮ ಚಿಕಿತ್ಸೆ

ಮೂಡಿಗೆರೆ ಕಡೆಯ ನಮ್ಮ ತೋಟದ ಕೊಲ್ಲಿಯಲ್ಲಿ, ಅಂದರೆ ಗುಡ್ಡಗಳ ನಡುವಿನ ತಗ್ಗಿನಲ್ಲಿ, ಯಾರಾದರೂ ಬಿದ್ದು ಕಾಲು ಮುರಿದುಕೊಂಡರೆ, ಅವರನ್ನು ಜೀಪು ನಿಲ್ಲುವ ಜಾಗಕ್ಕೆ ಹೊತ್ತು ತರುವುದಕ್ಕೇ ಮುಕ್ಕಾಲು ಗಂಟೆ ಬೇಕು. ಅಲ್ಲಿಂದ ತಾಲ್ಲೂಕು ಆಸ್ಪತ್ರೆ, ಅಲ್ಲಿ ಆಗದಿದ್ದರೆ ಚಿಕ್ಕಮಗಳೂರು ಅಥವಾ ಹಾಸನ. ಕಾಡಿನ ಪ್ರಥಮ ಚಿಕಿತ್ಸೆ ಕಲಿಸುವವರು ಆಸ್ಪತ್ರೆಗೆ ಒಂದು ಗಂಟೆಗಿಂತ ಹೆಚ್ಚು ದಾರಿ ಇರುವ ಜಾಗವನ್ನೆಲ್ಲ ಕಾಡೆಂದೇ ಲೆಕ್ಕ ಹಿಡಿಯುತ್ತಾರೆ. ಹಾಗೆ ನೋಡಿದರೆ ಮಲೆನಾಡಿನ ಎಷ್ಟೋ ತೋಟಗಳು ಆ ಲೆಕ್ಕಕ್ಕೆ ಬರುತ್ತವೆ. ಚಾರಣಿಗರಿಗೆಂದು ನಡೆಸುವ ತರಬೇತಿಗೆ ಕಾಫಿ ಬೆಳೆಯುವ ನಾನು ಹೋಗಿ ಸೇರಿಕೊಂಡದ್ದು ಅದಕ್ಕೇ.

ಇಂಥ ತರಬೇತಿ ಸಾಮಾನ್ಯವಾಗಿ 16 ಗಂಟೆಯದು, ಎರಡು ದಿನದಲ್ಲಿ ಮುಗಿಯುತ್ತದೆ. ಅಲ್ಲಿ ಮೊದಲು ಕೈ ಕಟ್ಟಿ ನಿಂತು ಸುತ್ತ ನೋಡುವುದನ್ನು ಕಲಿಸುತ್ತಾರೆ. ಬಿದ್ದವನನ್ನು ಬೀಳಿಸಿದ್ದು ಇನ್ನೂ ಅಲ್ಲೇ ಇದೆಯೇ? ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಗುಲಿ ಜೀವ ಹೋದ ಸುದ್ದಿ ನಮ್ಮ ಕಡೆ ಹೊಸದಲ್ಲ. ಮುಟ್ಟಲು ಓಡಿದವನೂ ಹೋಗುತ್ತಾನೆ. ಆಮೇಲೆ ಉಸಿರು, ರಕ್ತ, ಬೆನ್ನುಮೂಳೆ, ಚಳಿ, ಇದೇ ಕ್ರಮದಲ್ಲಿ. ಏಣಿಯಿಂದ ಬಿದ್ದವನನ್ನು ನಾಲ್ಕು ಜನ ಸೇರಿ ಎಬ್ಬಿಸಿ ಕೂರಿಸಿ ನೀರು ಕುಡಿಸುವುದು ನಮ್ಮ ಜನರ ಪ್ರೀತಿ. ಅದನ್ನು ನಿಲ್ಲಿಸುವುದಕ್ಕೇ ನನಗೆ ಹೆಚ್ಚು ಕಷ್ಟವಾಯಿತು. ಈಗ ಒಬ್ಬರು ತಲೆ ಅಲುಗದಂತೆ ಹಿಡಿಯುತ್ತಾರೆ, ಇನ್ನೊಬ್ಬರು ಕಾಲ್ಬೆರಳು ಆಡಿಸಲು ಹೇಳಿ ನೋಡುತ್ತಾರೆ. ಉಳಿದವರು ದೂರ ನಿಲ್ಲುತ್ತಾರೆ.

ತರಬೇತಿಯಲ್ಲಿ ಮುರಿದ ಕಾಲಿಗೆ ಕಟ್ಟಲು ಬಗ್ಗಿಸಬಹುದಾದ ಅಲ್ಯೂಮಿನಿಯಂ ಪಟ್ಟಿ ಕೊಟ್ಟಿದ್ದರು. ಅದನ್ನೇ ತೋಟದಲ್ಲಿ ತೋರಿಸುತ್ತಿದ್ದಾಗ ನಮ್ಮ ಹಳೆಯ ಮೇಸ್ತ್ರಿ, "ಅಮ್ಮಾವ್ರೆ, ಅಡಿಕೆ ಹಾಳೆ ಇದ್ಯಲ್ಲ, ಇದಕ್ಯಾಕೆ ದುಡ್ಡು?" ಅಂದರು. ಹಾಳೆಯನ್ನು ಸ್ವಲ್ಪ ನೆನೆಸಿದರೆ ಕಾಲಿನ ದುಂಡಿಗೆ ಒಗ್ಗುತ್ತದೆ, ಒಳಗೆ ಟವೆಲ್ ಹಾಸಿ ಮೇಲೂ ಕೆಳಗೂ ಕಟ್ಟಿದರೆ ಅಲುಗದು. ಮುರಿದ ಜಾಗದ ಮೇಲಿನ ಕೀಲೂ ಕೆಳಗಿನ ಕೀಲೂ ಎರಡೂ ಕಟ್ಟಿನೊಳಗೆ ಸೇರಬೇಕು, ಇಷ್ಟೇ ನಿಯಮ. ಕಟ್ಟಿದ ಮೇಲೆ ಬೆರಳು ತಣ್ಣಗಾಗಿದೆಯೇ, ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗುತ್ತದೆಯೇ ನೋಡಿ. ಆಗದಿದ್ದರೆ ಕಟ್ಟು ಬಿಗಿಯಾಗಿದೆ, ಸಡಿಲಿಸಿ. ದಾರಿಯಲ್ಲಿ ಕಾಲು ಊದುತ್ತಾ ಹೋಗುವುದರಿಂದ ಆಗಾಗ ನೋಡುತ್ತಲೇ ಇರಬೇಕು.

ಡೋಲಿಯೂ ತೋಟದ್ದೇ. ಎರಡು ಕಾಫಿ ಗೋಣಿಯ ತಳದ ಮೂಲೆ ಕತ್ತರಿಸಿ ಎರಡು ಬಿದಿರು ತೂರಿಸುವುದು. ಖಾಲಿ ಡೋಲಿ ಕಟ್ಟಿ ನೋಡಿ ತೃಪ್ತಿಪಡಬೇಡಿ, ಆಳನ್ನು ಮಲಗಿಸಿ ಏರಿನಲ್ಲಿ ಹೊತ್ತು ನೋಡಿ. ಮೂಟೆ ಹೊತ್ತು ಪಳಗಿದವರೂ ದರೆ ಹತ್ತುವಾಗ ಬೇಗ ಸುಸ್ತಾದರು, ಹೊರುವ ಆರು ಜನರ ಜೊತೆಗೆ ಬದಲಿ ಆಳುಗಳೂ ಬೇಕೆಂದು ಗೊತ್ತಾದದ್ದು ಆಗಲೇ.

ಕತ್ತಿ ಏಟಿನ ವಿಷಯದಲ್ಲಿ ಮನೆಮದ್ದಿನೊಂದಿಗೆ ನಾನು ರಾಜಿಯಾಗುವುದಿಲ್ಲ. ಗಾಯಕ್ಕೆ ಕಾಫಿ ಪುಡಿ ಮೆತ್ತಿದರೆ ರಕ್ತ ನಿಂತಂತೆ ಕಾಣುತ್ತದೆ, ಆದರೆ ಮಣ್ಣು, ಪುಡಿ ಎಲ್ಲ ಒಳಗೇ ಉಳಿಯುತ್ತದೆ. ಶುದ್ಧ ಬಟ್ಟೆಯಿಟ್ಟು ಹತ್ತು ನಿಮಿಷ ತೆಗೆದು ನೋಡದೆ ಒತ್ತಿ ಹಿಡಿದರೆ ಹೆಚ್ಚಿನ ರಕ್ತ ನಿಲ್ಲುತ್ತದೆ. ಸಣ್ಣ ಗಾಯವಾದರೆ ಆಮೇಲೆ ಸೂಜಿ ತೆಗೆದ ಸಿರಿಂಜಿನಿಂದ ಕುಡಿಯುವ ನೀರನ್ನು ರಭಸವಾಗಿ ಹಾಯಿಸಿ ತೊಳೆಯಬೇಕು. ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ಎಷ್ಟು ವರ್ಷವಾಯಿತು ಅನ್ನುವುದು ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕದಲ್ಲಿ ಎಲ್ಲರ ಹೆಸರಿನ ಮುಂದಿದೆ. ಇಂಬಳ (ಜಿಗಣೆ) ಕಚ್ಚಿದ್ದಕ್ಕೆ ಇಷ್ಟೆಲ್ಲ ಬೇಡ, ರಕ್ತ ಹೆಪ್ಪುಗಟ್ಟದಂತೆ ಅದು ಬಿಟ್ಟ ರಸ ತೊಳೆದುಹೋದರೆ ನಿಲ್ಲುತ್ತದೆ.

ಹಾವು ಕಚ್ಚಿದರೆ ತೋಟದಲ್ಲಿ ಮಾಡುವುದು ಕಡಿಮೆ, ಮಾಡದೇ ಇರುವುದು ಜಾಸ್ತಿ. ಹಗ್ಗ ಬಿಗಿಯುವುದಿಲ್ಲ, ಕೊಯ್ಯುವುದಿಲ್ಲ, ಹೀರುವುದಿಲ್ಲ, ಹಾವನ್ನು ಹುಡುಕಿ ಹೊಡೆಯುವುದಿಲ್ಲ. ಕಚ್ಚಿಸಿಕೊಂಡವರನ್ನು ನಡೆಸದೆ, ಆ ಕೈಯನ್ನೋ ಕಾಲನ್ನೋ ಅಲುಗದಂತೆ ಕಟ್ಟಿ ಹೊರಡುವುದು. ಊತ ಏರುವ ಮೊದಲು ಉಂಗುರ, ಕಾಲುಂಗುರ, ಬಳೆ ತೆಗೆಯಬೇಕು. ಮುತ್ತೈದೆಯ ಬಳೆ ತೆಗೆಸುವುದು ಸುಲಭದ ಮಾತಲ್ಲ. ಅದನ್ನು ಕೊಯ್ಲು ಶುರುವಾಗುವ ಮೊದಲೇ ಆಳುಗಳು ಇರುವ ಲೈನ್ ಮನೆಯಲ್ಲಿ ಹೆಂಗಸರೊಂದಿಗೆ ಕೂತು ಮಾತಾಡಿಕೊಂಡಿದ್ದೇನೆ. ಒಡೆಯುವುದಿಲ್ಲ, ಸೋಪು ಹಚ್ಚಿ ಜಾರಿಸುತ್ತೇವೆ ಅಂದಾಗ ಒಪ್ಪಿದರು. ನಮ್ಮ ದೇಶದಲ್ಲಿ ಸಿಗುವ ವಿಷನಿರೋಧಕ ಔಷಧಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೆ. ಕಾಫಿ ಗಿಡದ ಮೇಲೆ ಕೂರುವ ಗುಳಿಮಂಡಲಕ್ಕೆ ಅದು ತಯಾರಾದದ್ದಲ್ಲ. ಹಾಗೆಂದು ಯಾವ ಹಾವೆಂದು ನಾವೇ ತೀರ್ಮಾನಿಸಿ ಮನೆಯಲ್ಲಿ ಕೂರುವಂತಿಲ್ಲ, ಏನು ಕೊಡಬೇಕೆಂಬುದನ್ನು ವೈದ್ಯರು ನೋಡಿಕೊಳ್ಳುತ್ತಾರೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಔಷಧಿ ಎಲ್ಲಿ ದಾಸ್ತಾನಿದೆ ಎಂದು ನಾನು ಕೊಯ್ಲಿಗೆ ಮುಂಚೆಯೇ ಫೋನ್ ಮಾಡಿ ಕೇಳಿಟ್ಟುಕೊಳ್ಳುತ್ತೇನೆ.

ಪೆಟ್ಟಿಗೆಯಲ್ಲಿ ಏನಿರಬೇಕೆಂದು ಬಹಳ ಜನ ಕೇಳುತ್ತಾರೆ. ಅಗಲದ ಬ್ಯಾಂಡೇಜು, ಕೈಗವಸು, ಸಿರಿಂಜು, ಕತ್ತರಿ, ಓಆರ್‌ಎಸ್, ಮಳೆಯಲ್ಲಿ ನೆನೆದು ನಡುಗುವವರನ್ನು ಸುತ್ತಲು ದೊಡ್ಡ ಪ್ಲಾಸ್ಟಿಕ್ ಹಾಳೆ. ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು ಪೆನ್ನು ಮತ್ತು ಚೀಟಿ. ಕೊಲ್ಲಿಯಲ್ಲಿ ಸಿಗ್ನಲ್ ಇಲ್ಲ. ಯಾರಿಗೆ, ಏನಾಗಿದೆ, ಎಷ್ಟು ಗಂಟೆಗೆ, ಯಾವ ಬ್ಲಾಕು ಎಂದು ಬರೆದ ಚೀಟಿ ಹಿಡಿದು ಒಬ್ಬ ದಿಬ್ಬಕ್ಕೆ ಓಡಿ 108ಕ್ಕೂ ಜೀಪಿನವನಿಗೂ ಹೇಳುತ್ತಾನೆ. ಇನ್ನೊಂದು ಚೀಟಿಯಲ್ಲಿ ಕಾಲು ಗಂಟೆಗೊಮ್ಮೆ ನಾಡಿ, ಉಸಿರು, ಮಾತಾಡುವ ರೀತಿ ಬರೆಯುತ್ತಾ ಹೋಗುತ್ತೇವೆ. ಹಿಂದಿನ ಮೆಣಸು ಕೊಯ್ಲಿನಲ್ಲಿ ಒಬ್ಬ ಹುಡುಗ ಮೊಣಕಾಲ ಕೆಳಗೆ ಮೂಳೆ ಮುರಿದುಕೊಂಡಾಗ, ಆಸ್ಪತ್ರೆಯಲ್ಲಿ ವೈದ್ಯರು ನಮ್ಮ ಹಾಳೆಯ ಕಟ್ಟು ಬಿಚ್ಚುವ ಮೊದಲು ಆ ಚೀಟಿಯನ್ನೇ ಓದಿದರು.

2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು ಮಂಗಳೂರಿನ ದಾರಿ ಮುಚ್ಚಿದ ಮೇಲೆ, ಮಳೆಗಾಲಕ್ಕೆ ಬೇರೆ ದಾರಿಯನ್ನೂ ಬರೆದಿಟ್ಟಿದ್ದೇವೆ. ಈ ಸಲ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಶುರುವಾಗುವ ಮೊದಲು ಡೋಲಿಯನ್ನು ಕತ್ತಲಲ್ಲಿ, ಟಾರ್ಚ್ ಬೆಳಕಿನಲ್ಲಿ ಹೊತ್ತು ನೋಡಬೇಕೆಂದು ಮೇಸ್ತ್ರಿ ಹೇಳಿದ್ದಾರೆ. ಅದಕ್ಕೆ ದಿನ ಗೊತ್ತುಮಾಡಿದ್ದೇವೆ.