ಆಡಿಯೊ ಗ್ರೂಪ್ ಖಾಲಿ ಮಾಡಿದ ಮೇಲೆ ನನ್ನ ರೆಕಾರ್ಡಿಂಗ್ ರೂಮು ಸರಿಹೋಯ್ತು

ನನ್ನ ಅಂಗಡಿಯ ಲಿನಕ್ಸ್ ಮಷೀನಿನ ಆಡಿಯೊ ಗ್ರೂಪಿನಲ್ಲಿ, ಅಂದರೆ ಸೌಂಡ್ ಕಾರ್ಡು, ಮೈಕು ಮುಟ್ಟುವ ಹಕ್ಕಿರುವ ಯೂಸರ್‌ಗಳ ಪಟ್ಟಿಯಲ್ಲಿ, ಈಗ ನರಮನುಷ್ಯ ಒಬ್ಬನೂ ಇಲ್ಲ. ಹೀಗೆ ಮಾಡ್ತೀನಿ ಅಂದಾಗ ನಮ್ಮೂರಿನ ಲಿನಕ್ಸ್ ಗೆಳೆಯರು ನಕ್ಕಿದ್ದರು. "ಸೌಂಡ್ ಬರಲಿಲ್ಲ ಅಂದ್ರೆ ಯೂಸರ್‌ನ ಆಡಿಯೊ ಗ್ರೂಪಿಗೆ ಸೇರಿಸ್ಬೇಕಪ್ಪ, ನೀನು ಇದ್ದೋರ್ನೂ ಹೊರಗೆ ಹಾಕ್ತೀಯಲ್ಲೋ" ಅಂತ. ಹಾಕಿ ಹತ್ತು ತಿಂಗಳಾಯಿತು. ಒಂದು ಟೇಕ್ ಕೂಡ ಕೆಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಂಗಡಿ ಇರೋದು ದಾವಣಗೆರೆಯ ಮಂಡಿಪೇಟೆ ಹತ್ತಿರ. ಆಟೋ ಪ್ರಚಾರಕ್ಕೆ ಅನೌನ್ಸ್‌ಮೆಂಟ್ ರೆಕಾರ್ಡ್ ಮಾಡಿಕೊಡೋದು ನಮ್ಮ ಕಸುಬು. ಸೀರೆ ಸೇಲ್, ನಾಟಕ, ಟ್ಯೂಷನ್, ಕಾಣೆಯಾದ ಎಮ್ಮೆ, ಎಲ್ಲದಕ್ಕೂ. ಹತ್ತು ಹನ್ನೆರಡು ಅಡಿಯ ಕೋಣೆಗೆ ಮಧ್ಯೆ ಪ್ಲೈವುಡ್ ಹೊಡೆದು, ಒಳಭಾಗಕ್ಕೆ ಫೋಮು, ಅದು ಸಾಲದ ಕಡೆ ಗೋಣಿಚೀಲ ಅಂಟಿಸಿದ್ದೇನೆ. ಕಂಪ್ಯೂಟರ್ ಒಂದೇ: ಹನ್ನೊಂದು ಸಾವಿರಕ್ಕೋ ಏನೋ ತಂದ ಸೆಕೆಂಡ್ ಹ್ಯಾಂಡ್ ಐ5, ಡೆಬಿಯನ್ 12 ಲಿನಕ್ಸ್, ಗ್ನೋಮ್ ಡೆಸ್ಕ್‌ಟಾಪ್. ಫ್ಯಾನಿನ ಸದ್ದು ಮೈಕಿಗೆ ಬೀಳಬಾರದು ಅಂತ ಅದನ್ನು ಮುಂದಿನ ಕೌಂಟರಿನಲ್ಲೇ ಇಟ್ಟು, ಪ್ಲೈವುಡ್ಡಿನ ತೂತಿನಿಂದ ಮೂರು ಮೀಟರ್ ಯುಎಸ್‌ಬಿ ಕೇಬಲ್ ಒಳಗೆ ಬಿಟ್ಟಿದ್ದೇನೆ.

ಆ ಒಂದು ಮಷೀನಿಗೆ ನಾಲ್ಕು ಒಡೆಯರು. ಕೌಂಟರಿನಲ್ಲಿ ಬಿಲ್ ಹಾಕುವ ಹುಡುಗಿಯದು ಒಂದು ಯೂಸರ್. ಎಡಿಟಿಂಗ್ ಮಾಡುವ ನನ್ನ ಅಕ್ಕನ ಮಗನದು ಇನ್ನೊಂದು, ಅವನು ಅದೇ ಕುರ್ಚಿಯಲ್ಲಿ ಯೂಸರ್ ಸ್ವಿಚ್ ಮಾಡಿಕೊಂಡು ಕೂರುತ್ತಾನೆ. ಮೂರನೆಯದು ರೆಕಾರ್ಡಿಂಗ್ ಯೂಸರ್: ಒಳಗೆ ಮೈಕಿನ ಮುಂದೆ ನಮಗೆ ದನಿ ಕೊಡುವ ಮೇಷ್ಟ್ರು ನಿಂತಾಗ ನಾನು ಹಳೇ ಟ್ಯಾಬಿನಿಂದ ಎಸ್‌ಎಸ್‌ಎಚ್ ಮಾಡಿ, ಅಂದರೆ ದೂರದಿಂದಲೇ ಲಾಗಿನ್ ಆಗಿ, ಎರೆಕಾರ್ಡ್ ಅನ್ನುವ ರೆಕಾರ್ಡಿಂಗ್ ಕಮಾಂಡ್ ಓಡಿಸುತ್ತೇನೆ. ನಾಲ್ಕನೆಯದಕ್ಕೆ ಹಾರ್ನ್ ಅಂತ ಹೆಸರು. ಅದು ಯಾರೂ ಲಾಗಿನ್ ಆಗದ ಯೂಸರ್. ಕಾಲು ಗಂಟೆಗೊಮ್ಮೆ ಕ್ರಾನ್ ಅನ್ನುವ ಟೈಮರಿನಿಂದ ಅಂಗಡಿ ಹೊರಗಿನ ಸ್ಪೀಕರಿಗೆ ನಮ್ಮ ಸ್ಯಾಂಪಲ್ ಬಿಡುವುದೊಂದೇ ಅದರ ಕೆಲಸ.

ಮೊದಲು ಎಲ್ಲರಂತೆ ನಾನೂ ನಾಲ್ವರನ್ನೂ ಆಡಿಯೊ ಗ್ರೂಪಿಗೆ ತುರುಕಿದೆ. ಒಂದು ವಾರ ಸುಖ. ಆಮೇಲೆ ಅಕ್ಕನ ಮಗ ಸ್ವಿಚ್ ಮಾಡಿ ಕೂತರೆ ಅವನಿಗೆ ಸದ್ದೇ ಇಲ್ಲ, ಹಿಂದೆ ಉಳಿದ ಹುಡುಗಿಯ ಪೈಪ್‌ವೈರ್ (ಸದ್ದು ನಡೆಸುವ ಪ್ರೋಗ್ರಾಮು) ಕಾರ್ಡನ್ನು ಹಿಡಿದುಕೊಂಡೇ ಕೂತಿರುತ್ತಿತ್ತು. ಅವಳು ಗ್ರೂಪಿನಲ್ಲಿ ಇಲ್ಲದಿದ್ದರೆ, ಕುರ್ಚಿಯಲ್ಲಿ ಯಾರಿದ್ದಾರೆ ಅಂತ ನೋಡಿಕೊಳ್ಳುವ ಲಾಗಿನ್‌ಡಿ ಅವಳ ಎಸಿಎಲ್ (ಕಾರ್ಡಿನ ಮೇಲೆ ಒಬ್ಬ ಯೂಸರಿಗೆ ಅಂತ ಬರೆಯುವ ಅನುಮತಿ) ಕಿತ್ತು ಇವನಿಗೆ ಕೊಡುತ್ತಿತ್ತು. ಗ್ರೂಪಿನಲ್ಲಿ ಇರುವವರ ಕೈಯಿಂದ ಕಿತ್ತುಕೊಳ್ಳೋಕೆ ಅದಕ್ಕೆ ಬರುವುದಿಲ್ಲ. ಇದು ನನಗೆ ಅರ್ಥವಾಗೋಕೆ ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ನಾನು ಬೈದದ್ದೆಲ್ಲ ಪೈಪ್‌ವೈರನ್ನು.

ದುಗ್ಗಮ್ಮನ ಜಾತ್ರೆ ಬಂತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ನಮ್ಮ ಕಸುಬಿಗೆ ಅದೇ ಸುಗ್ಗಿ. ಒಬ್ಬ ಗಿರಾಕಿ ಐದು ಆಟೋಗೆ ಆರ್ಡರ್ ಕೊಟ್ಟು ಎದುರಿಗೇ ಕೂತಿದ್ದ. ಮೇಷ್ಟ್ರು ಕಂಪನಿ ನಾಟಕದಲ್ಲಿ ಪಳಗಿದ ಕಂಠ. "ಭಕ್ತಾದಿಗಳಲ್ಲಿ" ಅಂತ ಎತ್ತಿದರೆ ಮೈ ಜುಂ ಅನ್ನಬೇಕು. ಎತ್ತಿದರು. ಟ್ಯಾಬಿನಲ್ಲಿ ನೋಡಿದರೆ ಡಿವೈಸ್ ಬ್ಯುಸಿ. ಹೊರಗೆ ಹುಡುಗಿ ಬ್ರೌಸರಿನಲ್ಲಿ ಯಾರಿಗೋ ವಿಡಿಯೊ ಕಾಲ್ ಹಚ್ಚಿದ್ದಳು, ಬ್ರೌಸರು ನೇರ ಹೋಗಿ ನಮ್ಮ ಒಳಗಿನ ಮೈಕನ್ನೇ ಹಿಡಿದಿತ್ತು. ಕಾಲ್ ಕಟ್ ಮಾಡಿಸಿ ಮತ್ತೆ ಶುರು ಮಾಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಮನೆಯಲ್ಲಿದ್ದ ಅಕ್ಕನ ಮಗ ಎಸ್‌ಎಸ್‌ಎಚ್‌ನಿಂದ ಯಾವುದೋ ಫೈಲ್ ಪ್ಲೇ ಮಾಡಿದ. ಹೊರಗಿನ ಹಾರ್ನ್ ಒದರಿತು, ಟೇಕಿನೊಳಗೂ ಬಿತ್ತು. "ಟೆಸ್ಟ್ ಮಾಡ್ದೆ ಮಾಮ, ನೀವು ರೆಕಾರ್ಡಿಂಗ್‌ನಾಗೆ ಇದ್ದೀರಿ ಅಂತ ಗೊತ್ತಿರಲಿಲ್ಲ" ಅಂದ. ಗಿರಾಕಿ ಎದ್ದು ಹೋದ. ಆರೂವರೆ ಸಾವಿರದ ಆರ್ಡರ್.

ಆ ರಾತ್ರಿ ನನ್ನ ಮನೆಯಿಂದಲೇ ಒಂದು ಪರೀಕ್ಷೆ ಮಾಡಿದೆ. ರೆಕಾರ್ಡಿಂಗಿನದಲ್ಲದ ಇನ್ನೊಂದು ಯೂಸರಿನಿಂದ ಎಸ್‌ಎಸ್‌ಎಚ್ ಆಗಿ ಒಳಗಿನ ಮೈಕ್ ತೆರೆದೆ. ಮೇಷ್ಟ್ರು ಇನ್ನೂ ಅಲ್ಲೇ ಇದ್ದರು, ಫೋನಿನಲ್ಲಿ ಮಗನ ಹತ್ತಿರ ಸಾಲದ ವಿಷಯ ಮಾತಾಡುತ್ತಿದ್ದರು. ತಕ್ಷಣ ಮುಚ್ಚಿದೆ. ಆಡಿಯೊ ಗ್ರೂಪಿನಲ್ಲಿ ಇರುವವರು ಯಾರಾದರೂ, ಎಲ್ಲಿಂದಲಾದರೂ, ಆ ಕೋಣೆಯ ಮಾತು ಕೇಳಬಹುದು ಅಂತ ಓದಿ ಗೊತ್ತಿತ್ತು. ಕಿವಿಗೆ ಬಿದ್ದಾಗ ಬೇರೆಯೇ.

ಮುಂದಿನ ಎರಡು ತಿಂಗಳ ದಡ್ಡತನಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಒಬ್ಬ ತಿಳಿದವರನ್ನು ಕರೆಸಿದೆ. ಅವರು ಬಂದು ಸೌಂಡ್ ಡಿವೈಸುಗಳಿಗೆಲ್ಲ 666 ಪರ್ಮಿಷನ್, ಅಂದರೆ ಯಾರು ಬೇಕಾದರೂ ಬಳಸಬಹುದು ಅನ್ನುವ ಅನುಮತಿ ಕೊಟ್ಟು, ಬೆಣ್ಣೆ ದೋಸೆ ತಿಂದು, ಸಾವಿರದ ಐನೂರು ಈಸಿಕೊಂಡು ಹೋದರು. ಸಂಜೆ ಕರೆಂಟ್ ಹೋಗಿ ಬಂತು, ಮಷೀನ್ ರೀಬೂಟ್ ಆಯಿತು, 666 ಮಂಗಮಾಯ. ಡಿವೈಸುಗಳಿರುವ /ಡೆವ್ ಫೋಲ್ಡರು ಪ್ರತಿ ಬೂಟಿಗೂ ಹೊಸದಾಗಿ ಹುಟ್ಟುತ್ತದೆ, ಅಲ್ಲಿ ಸಿಎಚ್‌ಮಾಡ್ ಮಾಡಿ ಪರ್ಮಿಷನ್ ಬದಲಿಸೋದು ಮರಳಿನ ಮೇಲೆ ಲೆಕ್ಕ ಬರೆದ ಹಾಗೆ. ಆಮೇಲೆ ಪೈಪ್‌ವೈರಿಗಿಂತ ಹಳೆಯ ಪಲ್ಸ್‌ಆಡಿಯೊವನ್ನು ಸಿಸ್ಟಮ್ ಮೋಡಿನಲ್ಲಿ, ಅಂದರೆ ಎಲ್ಲ ಯೂಸರಿಗೂ ಒಂದೇ ಅಂತ ಓಡಿಸಿದೆ. ಅದನ್ನು ಮಾಡಿದವರೇ ಬೇಡ ಅಂತಾರೆ, ನಾನು ಕೇಳಲಿಲ್ಲ. ಮೂರು ವಾರ ನಡೆಯಿತು, ಆದರೆ ಅಲ್ಲೂ ಅದರದೇ ಗ್ರೂಪಿಗೆ ಸೇರಿದವರೆಲ್ಲ ಎಲ್ಲರ ಸದ್ದು ಕೇಳಬಹುದು. ತಿರುಗಿ ಅದೇ ಬಾವಿ.

ಹಾರ್ನ್ ಯೂಸರನ್ನು ಗ್ರೂಪಿನಿಂದ ತೆಗೆದು, ಲಾಗಿನ್ ಆಗದೆಯೂ ಅದರ ಸರ್ವಿಸ್ ಓಡಿಸುವ ಲಿಂಗರ್ ಆನ್ ಮಾಡಿದ್ದೂ ಆಯಿತು. ಪೈಪ್‌ವೈರ್ ಚೆಂದಾಗಿ ಎದ್ದು ನಿಂತಿತು, ತೋರಿಸಿದ್ದು ಮಾತ್ರ ಡಮ್ಮಿ ಔಟ್‌ಪುಟ್, ಅಂದರೆ ಅದಕ್ಕೆ ಕಾರ್ಡೇ ಸಿಕ್ಕಿಲ್ಲ. ಲಿಂಗರ್ ಸರ್ವಿಸ್ ಎಬ್ಬಿಸುತ್ತದೆ, ಕುರ್ಚಿಯಲ್ಲಿ ಕೂರಿಸುವುದಿಲ್ಲ. ಲಾಗಿನ್‌ಡಿ ಎಸಿಎಲ್ ಕೊಡುವುದು ಕುರ್ಚಿಯಲ್ಲಿ ಕೂತವನಿಗೆ ಮಾತ್ರ.

ಇಲ್ಲಿಂದಲೇ ದಾರಿ ಹೊಳೆದದ್ದು. ಕುರ್ಚಿಯಲ್ಲಿ ಕೂರುವ ಇಬ್ಬರಿಗೆ ಮದರ್‌ಬೋರ್ಡಿನ ಕಾರ್ಡು ಸಾಕು, ಅದನ್ನು ಲಾಗಿನ್‌ಡಿಯೇ ನೋಡಿಕೊಳ್ಳಲಿ. ಕುರ್ಚಿ ಇಲ್ಲದ ಇಬ್ಬರಿಗೆ, ಅಂದರೆ ರೆಕಾರ್ಡಿಂಗಿಗೆ ಮತ್ತು ಹಾರ್ನಿಗೆ, ಬೇರೆ ಬೇರೆ ಯುಎಸ್‌ಬಿ ಕಾರ್ಡು, ಬೇರೆ ಬೇರೆ ಗ್ರೂಪು, ಕುರ್ಚಿಯವರಿಗೆ ಅವು ಕಾಣಲೇಬಾರದು. ಒಂದು ಮನೆಗೆ ಮೂರು ಒಲೆ ಹೂಡಿದ ಹಾಗೆ. ಮುನ್ನೂರೈವತ್ತರ ಕಾರ್ಡು ನಾಲ್ಕು ತರಿಸಿದೆ, ಎರಡು ಮೊದಲ ತಿಂಗಳೇ ಸತ್ತವು.

ಡಿವೈಸ್ ಕಂಡಾಗ ಏನು ಮಾಡಬೇಕು ಅಂತ ಹೇಳುವ ಯುಡೆವ್ ರೂಲ್ ಬರೆದೆ: ಆ ಕಾರ್ಡಿನ ಯುಆಕ್ಸೆಸ್ ಟ್ಯಾಗ್ (ಕುರ್ಚಿಯವನಿಗೆ ಎಸಿಎಲ್ ಕೊಡಿಸುವ ಚೀಟಿ) ಕಳೆ, ಗ್ರೂಪ್ ಇದು, ಮೋಡ್ 0660, ಅಂದರೆ ಗ್ರೂಪಿನ ಹೊರಗಿನವರಿಗೆ ಇಲ್ಲ. ರೂಲ್ ಫೈಲುಗಳು ನಂಬರಿನ ಕ್ರಮದಲ್ಲಿ ಓಡುತ್ತವೆ, ಎಲ್ಲರೂ ಇಡುವಂತೆ ನನ್ನ ಫೈಲಿಗೆ 99 ಅಂತ ನಂಬರ್ ಇಟ್ಟೆ. ಗ್ರೂಪ್ ಬದಲಾಯಿತು, ಆದರೆ ಲಿಸ್ಟ್ ಮಾಡಿದರೆ ಪರ್ಮಿಷನ್ ಕೊನೆಯಲ್ಲಿ, ಎಸಿಎಲ್ ಇದೆ ಅಂತ ಹೇಳುವ ಪ್ಲಸ್ ಗುರುತು ಹಾಗೇ ನಿಂತಿತ್ತು. ಎಸಿಎಲ್ ಹೋಗಿಲ್ಲ, ಹುಡುಗಿಯ ಬ್ರೌಸರಿಗೆ ಮೈಕ್ ಇನ್ನೂ ಕಾಣುತ್ತಿದೆ. ತಡವಾಯಿತೇನೋ ಅಂತ 60 ಮಾಡಿದೆ. ಆಗಲೂ ಪ್ಲಸ್. ಎರಡು ರಾತ್ರಿ ಹೋಯಿತು. ಕೊನೆಗೆ, ಲಾಗಿನ್‌ಡಿ, ಯುಡೆವ್ ಎರಡೂ ಸೇರಿರುವ ಸಿಸ್ಟಮ್‌ಡಿಯ ರೂಲ್‌ಗಳನ್ನೇ ತೆರೆದು ಓದಿದೆ. ಟ್ಯಾಗ್ ಅಂಟಿಸುವ ಫೈಲು 70, ಅಂಟಿದ್ದನ್ನು ನೋಡಿ ಎಸಿಎಲ್ ಹಾಕಿಸುವ ಫೈಲು 73. ನನ್ನ 60 ಹೋದಾಗ ಕಳೆಯಲು ಟ್ಯಾಗೇ ಇಲ್ಲ, 99 ಹೋಗುವಷ್ಟರಲ್ಲಿ ಊಟ ಬಡಿಸಿ ಆಗಿದೆ. 72 ಅಂತ ಹೆಸರಿಟ್ಟು ರೀಬೂಟ್ ಮಾಡಿದೆ. ಪ್ಲಸ್ ಮಾಯ. ರಾತ್ರಿ ಎರಡಕ್ಕೆ ಒಬ್ಬನೇ ಅಂಗಡಿಯಲ್ಲಿ ಚಪ್ಪಾಳೆ ತಟ್ಟಿದೆ.

ಅಗ್ಗದ ಕಾರ್ಡಿನ ಇನ್ನೊಂದು ರಗಳೆ: ಎರಡಕ್ಕೂ ಒಂದೇ ವೆಂಡರ್ ನಂಬರು, ಸೀರಿಯಲ್ ನಂಬರೇ ಇಲ್ಲ. ಅವಳಿ ಮಕ್ಕಳು. ಅದಕ್ಕೆ ಕಾರ್ಡನ್ನು ಬಿಟ್ಟು ಅದು ಕೂತಿರುವ ಪೋರ್ಟಿನ ವಿಳಾಸದಿಂದ ಗುರುತು ಹಿಡಿದೆ, ಅದೇ ರೂಲಿನಲ್ಲೇ ಕಾರ್ಡಿಗೆ ಹೆಸರನ್ನೂ ಕೊಟ್ಟೆ. ಈಗ ಎರೆಕಾರ್ಡಿಗೆ ಕಾರ್ಡ್ ನಂಬರ್ ಬೇಕಿಲ್ಲ, ಹೆಸರು ಹಿಡಿದು ಕರೆದರೆ ಸಾಕು.

ರಿಯಲ್‌ಟೈಮ್, ಅಂದರೆ ಸದ್ದಿನ ಕೆಲಸಕ್ಕೆ ಮೊದಲ ಸರದಿ ಕೊಡುವ ವಿಷಯದಲ್ಲೂ ಜನ ಎಡವುತ್ತಾರೆ. ಡೆಬಿಯನ್‌ನಲ್ಲಿ ಜ್ಯಾಕ್ ಅನ್ನುವ ಸೌಂಡ್ ಸರ್ವರ್ ಹಾಕುವಾಗ ಕೇಳುವ ಪ್ರಶ್ನೆಗೆ ಹೂಂ ಅಂದರೆ ಆಡಿಯೊ ಗ್ರೂಪಿಗೆ 95ರವರೆಗೆ ಪ್ರಯಾರಿಟಿ ಸಿಗುತ್ತದೆ. ಚಟಪಟ ಸದ್ದು ಹೋಗಲಿ ಅಂತ ಯೂಸರನ್ನು ಆ ಗ್ರೂಪಿಗೆ ಸೇರಿಸುತ್ತಾರೆ, ಜೊತೆಗೆ ಮೈಕಿನ ಕೀಲಿಯೂ ಕೈಗೆ ಹೋಗುತ್ತದೆ. ನಾನು ಆ ಪ್ರಯಾರಿಟಿ ಕೊಡುವ ಫೈಲಿನ ಎರಡು ಸಾಲನ್ನು ನಕಲು ಮಾಡಿ, ಬೇರೆ ಗ್ರೂಪಿನ ಹೆಸರು ಹಾಕಿ, ಅಕ್ಕನ ಮಗನನ್ನು ಮಾತ್ರ ಅದಕ್ಕೆ ಸೇರಿಸಿದೆ.

ನಡುವೆ ಒಂದು ಚಟಕ್ಕೆ, ಮೂಲೆಯಲ್ಲಿ ಬಿದ್ದಿದ್ದ ಹಳೇ ಲ್ಯಾಪ್‌ಟಾಪಿಗೆ ಓಪನ್‌ಬಿಎಸ್‌ಡಿ ಅನ್ನುವ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿ ನೋಡಿದೆ. ರೆಕಾರ್ಡ್ ಮಾಡಿದರೆ ಫೈಲು ಬರುತ್ತದೆ, ಒಳಗೆ ಮೌನ. ಮೈಕ್ ಸತ್ತಿದೆ ಅಂತ ಬಿಚ್ಚಿ ವೈರು ಬೆಸುಗೆ ಹಾಕಿದೆ, ಅರ್ಧ ದಿನ ಹೋಯಿತು. ಆಮೇಲೆ ನೋಡಿದರೆ ಅವರು 2018ರ 6.4 ಆವೃತ್ತಿಯಿಂದಲೇ ರೆಕಾರ್ಡಿಂಗನ್ನು ಕರ್ನಲ್‌ನಲ್ಲೇ ಮುಚ್ಚಿಟ್ಟಿದ್ದಾರೆ, ಸಿಸ್‌ಸಿಟಿಎಲ್ ಅನ್ನುವ ಕಮಾಂಡಿನಿಂದ ನಾವೇ ತೆರೆಯಬೇಕು. ಸೌಂಡ್ ಸರ್ವರ್ ಕೂಡ ಅಲ್ಲಿ ಒಂದು ಹೊತ್ತಿಗೆ ಒಬ್ಬ ಯೂಸರನ್ನೇ ಒಪ್ಪುತ್ತದೆ, ಇನ್ನೊಬ್ಬ ಬೇಕಾದರೆ ಗುರುತಿನ ಕುಕಿ ಫೈಲನ್ನು ಅವನ ಹೋಮ್ ಫೋಲ್ಡರಿಗೂ ನಕಲು ಮಾಡಬೇಕು. ಬೈಯ್ದುಕೊಂಡೇ ಮೆಚ್ಚಿದೆ. ನಮ್ಮ ಎಡಿಟಿಂಗ್ ಕೆಲಸಕ್ಕೆ ಆಗಲಿಲ್ಲ, ತೆಗೆದೆ.

ಖರ್ಚು ಹತ್ತಿರ ಹತ್ತಿರ ಮೂರು ಸಾವಿರ, ಕಾರ್ಡು, ಕೇಬಲ್, ಬೆಸುಗೆ, ಆ ತಿಳಿದವರ ಫೀಸು ಸೇರಿ. ಕಳೆದ ಆರ್ಡರ್ ಬಿಟ್ಟು. ಒಳಗೆ ರೆಕಾರ್ಡಿಂಗ್ ನಡೆಯುವಾಗ ಹಾರ್ನ್ ತಾನೇ ಸುಮ್ಮನಿರುವ ಹಾಗೆ ಎಂಟು ಸಾಲಿನ ಒಂದು ಸ್ಕ್ರಿಪ್ಟೂ ಇದೆ. ಅದನ್ನು ಕೊಡುವುದಿಲ್ಲ. ಕರ್ನಲ್ ತನ್ನ ಸ್ಥಿತಿ ತೋರಿಸುವ /ಪ್ರಾಕ್ ಫೋಲ್ಡರಿನ ಒಳಗೆ ಕಾರ್ಡಿನ ಸ್ಟೇಟಸ್ ನೋಡಿ ಅಂತ ಮಾತ್ರ ಹೇಳಬಲ್ಲೆ, ಉಳಿದದ್ದು ನಿಮ್ಮ ರಾತ್ರಿಗಳಿಗೆ ಬಿಟ್ಟದ್ದು.

ಒಂದೇ ಒಂದು ಸಲ ಕೈಕೊಟ್ಟಿದೆ. ಆಯುಧಪೂಜೆಗೆ ಮಷೀನ್ ಒರೆಸುವಾಗ ಹುಡುಗಿ ಎಲ್ಲ ಪಿನ್ನು ಕಿತ್ತು, ವಿಭೂತಿ ಹಚ್ಚಿ, ಕೈಗೆ ಸಿಕ್ಕ ಪೋರ್ಟಿಗೆ ಚುಚ್ಚಿದ್ದಳು. ಮೈಕ್ ಕಾರ್ಡು ಹಾರ್ನ್ ಗ್ರೂಪಿಗೆ ಹೋಯಿತು, ಹಾರ್ನ್ ಮೂಕವಾಯಿತು. "ಸಾರ್, ಪೂಜೆ ಮಾಡಿದ್ದಕ್ಕೇ ಕೆಡ್ತಾ?" ಅಂತ ಹೆದರಿದಳು. ಮಾರನೇ ದಿನ ಅವಳೇ ಮನೆಯಿಂದ ಎರಡು ಬಣ್ಣದ ನೇಲ್ ಪಾಲಿಶ್ ತಂದು ಪೋರ್ಟಿಗೊಂದು, ಪಿನ್ನಿಗೊಂದು ಚುಕ್ಕೆ ಇಟ್ಟಳು. ಕೆಂಪು ಮೇಷ್ಟ್ರದ್ದು, ನೀಲಿ ಹಾರ್ನಿಂದು.